ಟೂ ಸ್ಟ್ರೋಕ್ ಪ್ರಯೋಗ: ಹೆದ್ದಾರಿಯಿಂದ ಪ್ರಯೋಗಶಾಲೆಗೆ ಎಷ್ಟು ದೂರ?

ಸಂಜೆಯ ಹೊತ್ತು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತವರಿಗೆ ಆ ಸದ್ದು ಅಪರಿಚಿತವಲ್ಲ. ದೂರದಲ್ಲಿ ಗುಂಯ್‌ಗುಡುತ್ತ ಹುಟ್ಟಿ, ಹತ್ತಿರ ಬಂದಂತೆ ಕಿವಿ ಸೀಳುವಷ್ಟು ತೀಕ್ಷ್ಣವಾಗಿ, ನೀಲಿ ಹೊಗೆಯ ಎಳೆಯೊಂದನ್ನು ಬಿಟ್ಟು ಮರೆಯಾಗುವ ಹಳೆಯ ಯಮಹಾ ಆರ್‌ಎಕ್ಸ್ 100. ಅದರ ಸವಾರ ಆ ಬೈಕು ತಯಾರಾಗುತ್ತಿದ್ದ ಕಾಲದಲ್ಲಿ ಹುಟ್ಟಿಯೂ ಇರದ ತರುಣನಾಗಿರುವುದೇ ಹೆಚ್ಚು. ಇದೇ ಸದ್ದು ಗುಬ್ಬಿಯ ದಾರಿಯಲ್ಲಿಯೂ ಕುಣಿಗಲ್‌ ಬಳಿಯ ಹೆದ್ದಾರಿಯಲ್ಲಿಯೂ ಕೇಳುತ್ತದೆ. ದಾರಿಹೋಕರು ಶಪಿಸುತ್ತಾರೆ, ಪೊಲೀಸರು ಬೆನ್ನಟ್ಟುತ್ತಾರೆ, ಹೆತ್ತವರು ಮನೆಯ ಬಾಗಿಲಲ್ಲಿ ಕಾಯುತ್ತಾರೆ.

ಈ ಮೂವರ ಆತಂಕವೂ ನ್ಯಾಯವಾದದ್ದೇ. ಆದರೆ ಆ ಬೈಕಿನ ಹಿಂದೆ ಇನ್ನೊಬ್ಬನಿದ್ದಾನೆ. ಅವನ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ಅವನೇ ಗ್ಯಾರೇಜಿನಲ್ಲಿ ಕುಳಿತು ಆ ಎಂಜಿನ್ನಿನ ಶಕ್ತಿಯನ್ನು ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿಸಿದ ಮೆಕ್ಯಾನಿಕ್. ಅವನು ಮಾಡಿದ್ದು ಅಪರಾಧವೋ, ಎಂಜಿನಿಯರಿಂಗೋ? ಎರಡೂ ಹೌದು ಎಂಬುದೇ ಈ ವಿಷಯದ ತೊಡಕು.

ಮೈಸೂರಿನಿಂದ ಆರಂಭವಾದ ನಂಟು

ಟೂ ಸ್ಟ್ರೋಕ್ ಎಂಜಿನ್ನಿನೊಂದಿಗೆ ಕನ್ನಡನಾಡಿನ ಸಂಬಂಧ ಇಂದು ನಿನ್ನೆಯದಲ್ಲ. ಜೆಕೊಸ್ಲೊವಾಕಿಯದ ತಂತ್ರಜ್ಞಾನದೊಂದಿಗೆ 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 250 ಸಿಸಿಯ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಲ್ಲಿ ಅದರ ಹೆಸರು ಯೆಜ್ಡಿ ಆಯಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್‌ಗಳಿದ್ದ ಆ ಬೈಕನ್ನು ಬಿಚ್ಚಿ ಜೋಡಿಸಿಯೇ ಹಳೆಯ ಮೈಸೂರು ಭಾಗದ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಕಸುಬು ಕಲಿತರು. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. 1985ರಲ್ಲಿ ದೇಶದಲ್ಲಿ ಆರಂಭವಾಗಿದ್ದ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ 1996ರಲ್ಲಿಯೇ. ಅದರ ತಮ್ಮನಂತಿದ್ದ ಆರ್‌ಎಕ್ಸ್ 135 ಹೊಗೆಯ ನಿಯಮಗಳು ಬಿಗಿಯಾದಂತೆ 2005ರಲ್ಲಿ ಮಾರುಕಟ್ಟೆಯಿಂದ ನಿರ್ಗಮಿಸಿತು. ಆದರೆ ಮೋಹ ನಿರ್ಗಮಿಸಲಿಲ್ಲ. ಸುಸ್ಥಿತಿಯಲ್ಲಿರುವ ಹಳೆಯ ಆರ್‌ಎಕ್ಸ್ ಒಂದಕ್ಕೆ ಇಂದು ಲಕ್ಷ ರೂಪಾಯಿಗೂ ಮೀರಿ ಬೆಲೆಯಿದೆ.

ಮೋಹಕ್ಕೆ ಕಾರಣ ಸರಳ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿದರೆ, ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಆರ್‌ಎಕ್ಸ್ 100ರ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ ಸುಮಾರು 112 ಅಶ್ವಶಕ್ತಿ. ಅದೇ ಕಾಲದ 346 ಸಿಸಿಯ ಬುಲೆಟ್ ಕೊಡುತ್ತಿದ್ದದ್ದು 18, ಲೀಟರಿಗೆ ಸುಮಾರು 52. ಇದರ ಜೊತೆಗೆ ಟೂ ಸ್ಟ್ರೋಕ್‌ನ ಸಿಲಿಂಡರ್ ತಲೆಯಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಮುಚ್ಚಿ ತೆರೆಯುತ್ತದೆ. ಕೈಯಲ್ಲೊಂದು ಅರ, ಪಕ್ಕದಲ್ಲೊಂದು ಲೇತ್, ವೆಲ್ಡಿಂಗ್ ಸಲಕರಣೆ ಇದ್ದವನು ಅದರ ಸ್ವಭಾವವನ್ನೇ ಬದಲಿಸಬಲ್ಲ. ಹೀಗೆ ಬಡವನ ಕೈಗೆ ನಿಲುಕುವ ರೇಸ್ ಎಂಜಿನ್ ಮತ್ತೊಂದಿಲ್ಲ.

ಕೊಳವೆಯೊಳಗಿನ ಗಣಿತ

ಇದು ಕೇವಲ ಸದ್ದು ಮಾಡುವ ಚಟವೆಂದು ತಿಳಿದವರು ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಟೂ ಸ್ಟ್ರೋಕ್‌ನ ದೊಡ್ಡ ದೋಷವೆಂದರೆ, ಸುಟ್ಟ ಹೊಗೆಯನ್ನು ಹೊರದಬ್ಬುವಾಗ ಹೊಸದಾಗಿ ಒಳಬಂದ ಪೆಟ್ರೋಲು ಮಿಶ್ರಣದ ಒಂದು ಪಾಲೂ ಅದರೊಡನೆ ಹೊರಗೆ ಹೋಗಿಬಿಡುತ್ತದೆ. ಇದಕ್ಕೆ ಉಪಾಯ ಹೊಗೆ ಕೊಳವೆಯಲ್ಲಿಯೇ ಇದೆ. ಕೊಳವೆಯ ಹೊಟ್ಟೆಯನ್ನು ಹಿಗ್ಗಿಸಿ, ಕೊನೆಯಲ್ಲಿ ಮತ್ತೆ ಕಿರಿದಾಗಿಸಿದರೆ, ಕಿಂಡಿ ತೆರೆದೊಡನೆ ಹೊರಟ ಒತ್ತಡದ ತರಂಗ ತುದಿಯಲ್ಲಿ ಬಡಿದು ಹಿಂದಿರುಗುತ್ತದೆ. ಕಿಂಡಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಅದು ಬಂದು ತಲುಪಿದರೆ, ತಪ್ಪಿಸಿಕೊಂಡ ಮಿಶ್ರಣವನ್ನು ಮರಳಿ ಸಿಲಿಂಡರಿನೊಳಗೆ ನೂಕುತ್ತದೆ.

ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಬೇಕಾಗುವ ಕಾಲ ಒಂದು ಸೆಕೆಂಡಿನ ಸಾವಿರದ ಏಳೂವರೆ ಭಾಗ. ಕಿಂಡಿ ಅರ್ಧ ಸುತ್ತಿನಷ್ಟು ತೆರೆದಿರುವುದಾದರೆ 3.75 ಭಾಗ. ಬಿಸಿ ಹೊಗೆಯಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಂಡರೆ, ಅಷ್ಟು ಹೊತ್ತಿನಲ್ಲಿ ಅದು ಕ್ರಮಿಸುವ ದೂರ ಸುಮಾರು 188 ಸೆಂಟಿಮೀಟರ್. ಹೋಗಿ ಬರಬೇಕಾದ್ದರಿಂದ ಕೊಳವೆಯ ಉದ್ದ ಅದರ ಅರ್ಧ, ಅಂದರೆ 94 ಸೆಂಟಿಮೀಟರ್. ಅದೇ ಎಂಜಿನ್ 10,000 ಸುತ್ತಿನಲ್ಲಿ ಗರಿಷ್ಠ ಶಕ್ತಿ ಕೊಡಬೇಕೆಂದರೆ ಕೊಳವೆ 75 ಸೆಂಟಿಮೀಟರಿಗೆ ಇಳಿಯಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆಯೂ ತಗಡು ಕತ್ತರಿಸಿ, ಬೆಸೆದು, ಓಡಿಸಿ, ಮತ್ತೆ ಕತ್ತರಿಸಿ ಉತ್ತರಕ್ಕೆ ತಲುಪುವವರು ನಮ್ಮ ಗ್ಯಾರೇಜುಗಳಲ್ಲಿದ್ದಾರೆ.

ಈ ವಿದ್ಯೆ ಜಗತ್ತಿನ ಚರಿತ್ರೆಯಲ್ಲಿ ಎಷ್ಟು ಬೆಲೆ ಬಾಳಿತೆಂಬುದಕ್ಕೂ ನಿದರ್ಶನವಿದೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಅಲ್ಪ ಸೌಕರ್ಯಗಳಲ್ಲಿಯೇ ಈ ತರಂಗಗಳನ್ನು ಅಳೆದು, 1961ರ ಹೊತ್ತಿಗೆ 125 ಸಿಸಿಯ ಎಂಜಿನ್ನಿನಿಂದ 25 ಅಶ್ವಶಕ್ತಿ ಪಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವರು ತಾಯ್ನಾಡಿಗೆ ಮರಳದೆ, ಆ ತಿಳಿವಳಿಕೆಯೊಂದಿಗೆ ಜಪಾನಿನ ಸುಜುಕಿಯನ್ನು ಸೇರಿದರು. ಮರುವರ್ಷವೇ ಸುಜುಕಿಗೆ ವಿಶ್ವ ಪ್ರಶಸ್ತಿ ಬಂದಿತು. ಮುಂದೆ ದಶಕಗಳ ಕಾಲ ಟೂ ಸ್ಟ್ರೋಕ್‌ಗಳೇ ಗ್ರ್ಯಾಂಡ್ ಪ್ರಿ ರೇಸುಗಳನ್ನು ಆಳಿದವು. ಗಡಿ ದಾಟಿ ಹೋದದ್ದು ಯಂತ್ರಕ್ಕಿಂತ ಹೆಚ್ಚಾಗಿ ಅಳತೆ ಮತ್ತು ಅನುಭವ ಎಂಬುದನ್ನು ನಾವು ಗಮನಿಸಬೇಕು.

ರಸ್ತೆಯೇ ಪ್ರಯೋಗಶಾಲೆಯಾದಾಗ

ಹಾಗೆಂದು ಹೆದ್ದಾರಿಯ ಮೇಲಿನ ಹುಚ್ಚಾಟವನ್ನು ಸಮರ್ಥಿಸಲು ಸಾಧ್ಯವೇ? ಖಂಡಿತ ಇಲ್ಲ. ಹೊಗೆಯ ಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರ್ ಅರದಿಂದ ತಿಕ್ಕಿದರೆ ಶಕ್ತಿ ಏರುತ್ತದೆ. ಬ್ರೇಕು ಏರುವುದಿಲ್ಲ. 11 ಅಶ್ವಶಕ್ತಿಗೆಂದು ರೂಪಿಸಿದ ಡ್ರಮ್ ಬ್ರೇಕು, ತೆಳ್ಳನೆಯ ಟೈರು, ಚೌಕಟ್ಟು ಹಾಗೆಯೇ ಉಳಿಯುತ್ತವೆ. ಗಂಟೆಗೆ 100 ಕಿಲೋಮೀಟರ್ ಹೋಗುತ್ತಿದ್ದ ಬೈಕು 130ಕ್ಕೆ ಏರಿದರೆ ಅದನ್ನು ನಿಲ್ಲಿಸಲು ತಗ್ಗಿಸಬೇಕಾದ ಚಲನಶಕ್ತಿ ಸುಮಾರು ಶೇಕಡ 70ರಷ್ಟು ಹೆಚ್ಚಾಗುತ್ತದೆ. ಕಾರ್ಬುರೇಟರಿನ ಜೆಟ್ ಒಂದು ಅಳತೆ ಕಿರಿದಾದರೆ ಸಾಕು, ಪೆಟ್ರೋಲು ಮತ್ತು ಆಯಿಲು ಸಾಲದೆ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಸೀಜ್ ಎನ್ನುವ ಈ ಸ್ಥಿತಿಯಲ್ಲಿ ಹಿಂಬದಿ ಚಕ್ರ ಒಮ್ಮೆಗೇ ನಿಲ್ಲುತ್ತದೆ. ಹಿಂದೆ ಲಾರಿ ಬರುತ್ತಿರುವ ಹೆದ್ದಾರಿಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಬೈಕು ಅಪ್ರಾಪ್ತನ ಕೈಗೆ ಸಿಕ್ಕಿ ಅಪರಾಧ ನಡೆದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ. 2025ರ ಮೇ ತಿಂಗಳಿನಲ್ಲಿ ವೀಲಿ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈ ಪಿಡುಗಿನ ತಡೆಗೆ ಈಗಿರುವ ನಿಯಮಗಳು ಸಾಲವೆಂದು ಅಭಿಪ್ರಾಯಪಟ್ಟಿತು.

ಆದರೆ ದಂಡ, ಜಪ್ತಿ, ರೋಡ್ ರೋಲರ್ ಹತ್ತಿಸಿ ಸೈಲೆನ್ಸರ್ ನುಜ್ಜುಗುಜ್ಜು ಮಾಡುವ ದೃಶ್ಯ ಇವಿಷ್ಟರಿಂದಲೇ ಸಮಸ್ಯೆ ಮುಗಿಯುವುದಿಲ್ಲ. ಮುರಿದ ಕೊಳವೆಯನ್ನು ಮತ್ತೆ ಬೆಸೆಯಲು ಬೇಕಾದದ್ದು ತಗಡು ಮತ್ತು ಒಂದು ರಾತ್ರಿ. ಪ್ರಯೋಗ ಮಾಡಿದವನಿಗೆ ಅದರ ಫಲ ತಿಳಿಯಲು ಇರುವ ಏಕೈಕ ಸಾಧನ ರಸ್ತೆಯೇ ಆಗಿದ್ದರೆ ಅವನು ರಸ್ತೆಗೇ ಬರುತ್ತಾನೆ. ಮಾಲಿನ್ಯ ತಪಾಸಣೆಯೂ ಇಲ್ಲಿ ನೆರವಾಗದು. 2000ದ ಮಾರ್ಚ್ 31ಕ್ಕೆ ಮುಂಚಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮಿತಿ ಇದೆ. ಆದರೆ ಅಳೆಯುವುದು ಬೈಕು ನಿಂತಲ್ಲೇ ನಿಧಾನವಾಗಿ ತಿರುಗುತ್ತಿರುವಾಗ. ಎಂಟು ಸಾವಿರ ಸುತ್ತಿನಲ್ಲಿ ಅದೇನು ಉಗುಳುತ್ತದೆಂಬುದು ಆ ಚೀಟಿಗೆ ಗೊತ್ತೇ ಆಗುವುದಿಲ್ಲ.

ಜಿಲ್ಲೆಯಲ್ಲಿ ಏನಿಲ್ಲ?

ಇಲ್ಲಿಯೇ ತುಮಕೂರು ಜಿಲ್ಲೆಯ ಸ್ಥಿತಿ ವಿಚಾರಾರ್ಹವೆನಿಸುತ್ತದೆ. ನಗರದಲ್ಲಿ 1963ರಲ್ಲಿ ಆರಂಭವಾದ ಸಿದ್ದಗಂಗಾ ತಾಂತ್ರಿಕ ವಿದ್ಯಾಲಯವಿದೆ, 1979ರ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯವಿದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯವಿದೆ. ಅದೇ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಸೂಕ್ಷ್ಮ ಕೆಲಸದ ಕೈಗಳನ್ನು ತಯಾರಿಸಿದ್ದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯನ್ನು ಇದೇ ನಗರ ಕಂಡಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರದೊಂದಿಗೆ ಅದನ್ನು ಕಳೆದುಕೊಂಡಿತು. ಒಂದೆಡೆ ಥರ್ಮೋಡೈನಾಮಿಕ್ಸ್ ಓದಿಯೂ ಎಂಜಿನ್ ಬಿಚ್ಚದ ಪದವೀಧರ, ಇನ್ನೊಂದೆಡೆ ಕಣ್ಣು ಮುಚ್ಚಿ ಎಂಜಿನ್ ಬಿಚ್ಚಬಲ್ಲ, ಆದರೆ ಥರ್ಮೋಡೈನಾಮಿಕ್ಸ್ ಹೆಸರು ಕೇಳದ ಮೆಕ್ಯಾನಿಕ್. ಇಬ್ಬರ ನಡುವಿನ ಅಂತರ ಕೆಲವೇ ಕಿಲೋಮೀಟರ್. ಆದರೂ ಅವರು ಭೇಟಿಯಾಗುವುದು ಬೈಕು ಕೆಟ್ಟಾಗ ಮಾತ್ರ.

ಬೇಕಾದದ್ದು ಕೋಟಿಗಟ್ಟಲೆ ಹಣದ ಯೋಜನೆಯಲ್ಲ. ಬೈಕಿನ ಹಿಂಬದಿ ಚಕ್ರವನ್ನು ಭಾರವಾದ ಉಕ್ಕಿನ ಉರುಳೆಯ ಮೇಲೆ ನಿಲ್ಲಿಸಿ, ಉರುಳೆ ಎಷ್ಟು ಬೇಗ ವೇಗ ಪಡೆಯುತ್ತದೆಂಬುದನ್ನು ಅಳೆದರೆ ಎಂಜಿನ್ನಿನ ಶಕ್ತಿ ತಿಳಿಯುತ್ತದೆ. ಡೈನೋ ಎಂದು ಕರೆಯುವ ಈ ಉಪಕರಣವನ್ನು ತುಮಕೂರಿನ ಯಾವುದೇ ಒಳ್ಳೆಯ ಲೇತ್ ಶೆಡ್ಡು ಮತ್ತು ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಸೇರಿ ಕಟ್ಟಬಹುದು. ಅದರ ಪಕ್ಕದಲ್ಲಿ ಹೊಗೆ ತಪಾಸಣೆಯ ಯಂತ್ರವೊಂದಿದ್ದರೆ ಶಕ್ತಿಯ ಜೊತೆಗೆ ವಿಷದ ಲೆಕ್ಕವೂ ಸಿಗುತ್ತದೆ. ಕಾಯ್ದೆ ನಿಷೇಧಿಸುವುದು ರಸ್ತೆಗೆಂದು ನೋಂದಾಯಿಸಿದ ವಾಹನದ ಮಾರ್ಪಾಡನ್ನೇ ಹೊರತು, ಬೆಂಚಿಗೆ ಬಿಗಿದ ಎಂಜಿನ್ನಿನ ಮೇಲಿನ ಪ್ರಯೋಗವನ್ನಲ್ಲ. ವೇಗದ ಸ್ಪರ್ಧೆಯೇ ಬೇಕೆನ್ನುವವರಿಗೂ ಕಾನೂನುಬದ್ಧ ದಾರಿಯಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ ನಡೆದಿರುವ ರಾಷ್ಟ್ರೀಯ ಡ್ರ್ಯಾಗ್ ರೇಸುಗಳಲ್ಲಿ ಟೂ ಸ್ಟ್ರೋಕ್ ಬೈಕುಗಳಿಗೇ ಪ್ರತ್ಯೇಕ ವರ್ಗಗಳಿದ್ದವು. ಆದರೆ ತುಮಕೂರಿನ ಹುಡುಗನಿಗೆ ಅದು ಸುಮಾರು ಮುನ್ನೂರೈವತ್ತು ಕಿಲೋಮೀಟರ್ ದೂರ. ಹೆದ್ದಾರಿ ಮಾತ್ರ ಮನೆಯ ಮುಂದೆಯೇ ಇದೆ.

ಟೂ ಸ್ಟ್ರೋಕ್ ಯುಗವೇ ಮುಗಿದಿರುವಾಗ ಈ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ಬೈಕುಗಳ ಮಟ್ಟಿಗೆ ಅದು ಬಹುಪಾಲು ನಿಜ. ಮುಂದಿನ ಕಾಲ ವಿದ್ಯುತ್ ವಾಹನಗಳದ್ದು. ಆದರೆ ಗುಬ್ಬಿ, ಕುಣಿಗಲ್‌ ಸೀಮೆಯ ತೆಂಗು ಅಡಿಕೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ, ಮರ ಕೊಯ್ಯುವ ಗರಗಸ ಇವುಗಳಲ್ಲಿ ಇಂದಿಗೂ ಅನೇಕವು ಟೂ ಸ್ಟ್ರೋಕ್‌ಗಳೇ. ಬೆನ್ನ ಮೇಲೆ ಹೊತ್ತು ದುಡಿಯುವವನಿಗೆ ಹಗುರವಾದ ಎಂಜಿನ್ನೇ ಬೇಕು. ಅದರ ಹೊಗೆ ಕುಡಿಯುವವನೂ ಅವನೇ. ದಕ್ಷಿಣ ಕನ್ನಡದ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಸಣ್ಣ ಟೂ ಸ್ಟ್ರೋಕ್ ಎಂಜಿನ್ ಬಳಸಿ ಅಡಿಕೆ ಮರ ಏರುವ ಬೈಕನ್ನು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದದ್ದನ್ನು ಓದುಗರು ಮರೆತಿರಲಾರರು. 2017ರಲ್ಲಿ ಆಸ್ಟ್ರಿಯಾದ ಕೆಟಿಎಂ ಕಂಪನಿ ಕಾರ್ಬುರೇಟರಿನ ಬದಲು ಇಂಧನ ಚಿಮ್ಮಿಸುವ ವ್ಯವಸ್ಥೆಯುಳ್ಳ ಟೂ ಸ್ಟ್ರೋಕ್ ಬೈಕುಗಳನ್ನು ಮಂಡಿಸಿತು. ಆರ್‌ಎಕ್ಸ್‌ನಿಂದ ಇನ್ನೊಂದು ಅಶ್ವಶಕ್ತಿ ಹಿಂಡುವ ಅದೇ ಕೈ, ಕಳೆಯಂತ್ರದ ಪೆಟ್ರೋಲನ್ನೂ ಹೊಗೆಯನ್ನೂ ತಗ್ಗಿಸಬಲ್ಲದು. ಕೇಳುವವರು ಬೇಕಷ್ಟೆ.

ಕುಣಿಗಲ್ಲಿನ ಕುದುರೆ ಫಾರಂ ಎರಡು ಶತಮಾನಗಳಿಗೂ ಹಿಂದಿನದು. ವೇಗದ ಕುದುರೆಗಳನ್ನು ಸಾಕಲು ಒಂದು ಬೇಲಿ, ಓಡಿಸಲು ಒಂದು ಮೈದಾನ ಬೇಕೆಂಬುದನ್ನು ನಮ್ಮ ಹಿಂದಿನವರು ಅರಿತಿದ್ದರು. ಪೇಟೆ ಬೀದಿಯಲ್ಲಿ ರೇಸ್ ಕುದುರೆಯನ್ನು ಓಡಲು ಬಿಟ್ಟು, ಆಮೇಲೆ ಅದರ ಕಾಲು ಮುರಿಯುವುದು ವಿವೇಕವೆಂದು ಯಾರೂ ಭಾವಿಸಲಿಲ್ಲ. ಯಂತ್ರದ ಕುದುರೆಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಹೆದ್ದಾರಿಯಲ್ಲಿ ಪೊಲೀಸರು ಬಿಗಿಯಾಗಿರಲಿ, ಅದರಲ್ಲಿ ರಿಯಾಯಿತಿ ಸಲ್ಲದು. ಅದರೊಂದಿಗೆ ಜಿಲ್ಲೆಯ ಒಂದು ಕಾಲೇಜಾದರೂ ವಾರಕ್ಕೊಂದು ದಿನ ತನ್ನ ವರ್ಕ್‌ಶಾಪಿನ ಬಾಗಿಲನ್ನು ಗ್ಯಾರೇಜಿನ ಹುಡುಗರಿಗೆ ತೆರೆಯಲಿ. ಯೆಜ್ಡಿ ಬಿಚ್ಚಿ ಕಲಿತ ತಲೆಮಾರು ಮುಪ್ಪಾಗುತ್ತಿದೆ. ಅವರ ಕೈಯಲ್ಲಿರುವ ಅಳತೆಗಳನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.