ನೀರು ಬಿಟ್ಟ ಮೇಲೆ ಕರಾರು ಬದಲು

2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಮುಂದಿನ ಆವೃತ್ತಿಯಿಂದ ತನ್ನ ತಂತ್ರಾಂಶ ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯಲ್ಲಿ ಸಿಗುವುದಿಲ್ಲವಂತೆ. 2009ರಲ್ಲಿ ಸಿಸಿಲಿಯ ಸಾಲ್ವತೋರೆ ಸಾನ್ಫಿಲಿಪ್ಪೊ ಬರೆಯತೊಡಗಿ, ಆಮೇಲೆ ಊರೂರಿನ ಮಂದಿ ಮುಯ್ಯಾಳಿನಂತೆ ಕೈಹಾಕಿ ಬೆಳೆಸಿದ ತಂತ್ರಾಂಶ ಅದು. ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಕೇಳಿದ ಕೂಡಲೇ ಕೊಡುತ್ತದೆ. ಅಂಥದ್ದರ ಕರಾರು ಬದಲಿಸುವಾಗ ಆ ಮಂದಿಯನ್ನು ಒಂದು ಮಾತು ಕೇಳಿದರೇ? ಇಲ್ಲ.

ರೆಡಿಸ್ ಮೊದಲನೆಯದೂ ಅಲ್ಲ. ಮಾಂಗೋಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ಟೆರಾಫಾರ್ಮ್‌ನ ಒಡೆಯ ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಇದೇ ಕೆಲಸ ಮಾಡಿದವು. ಈ ಮೂರೂ ಅದಕ್ಕೆ ಮೊದಲೇ ಅಮೆರಿಕದ ಷೇರುಪೇಟೆ ಹತ್ತಿದ್ದವು ಎಂಬುದನ್ನು ಮರೆಯಬೇಡಿ. ಮುಕ್ತ ತಂತ್ರಾಂಶ ಎಂಬ ಹೆಸರೇ ಅವನ್ನು ಅಲ್ಲಿಗೆ ಹತ್ತಿಸಿದ ಏಣಿ. ಮೇಲೆ ಹೋದವರು ಏಣಿಯನ್ನೂ ಎಳೆದುಕೊಂಡರು.

ಈ ವರಸೆ ನರಗುಂದ ಸೀಮೆಗೆ ಹೊಸದಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು, ಎರಿ ಹೊಲಗಳತ್ತ ಕಾಲುವೆ ಬಂತು. ನೀರು ನಂಬಿದ ರೈತ ಸಾಲ ಮಾಡಿ ವರಲಕ್ಷ್ಮಿ ಹತ್ತಿ ಹಾಕಿದ. ಆಮೇಲೆ ಸರ್ಕಾರ ಬೆಟರ್‌ಮೆಂಟ್ ಲೆವಿಯ ಚೀಟಿ ಹಿಡಿದು ಬಂತು: ನಿನ್ನ ಹೊಲ ಸುಧಾರಿಸಿದೆ, ರೊಕ್ಕ ಕಟ್ಟು. ಕಾಲುವೆಯ ತುದಿಯ ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. 1980ರ ಜುಲೈ 21ರಂದು ರೈತರು ತಹಸೀಲ್ದಾರ್ ಕಚೇರಿಯ ಬಾಗಿಲಿಗೆ ಅಡ್ಡಬಿದ್ದರು. ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು, ಆ ದಿನದ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಇವತ್ತಿಗೂ ಜುಲೈ 21 ಬಂದರೆ ನರಗುಂದದಲ್ಲಿ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಪಕ್ಷ 1983ರ ಚುನಾವಣೆಯಲ್ಲಿ ನೆಲಕಚ್ಚಿತು.

ಜೀವ ಹೋದ ಹೋರಾಟವನ್ನು ತಂದು ಕಂಪ್ಯೂಟರಿನ ಜಗಳದ ಪಕ್ಕ ಇಡುವುದೇ ಎಂದು ಯಾರಾದರೂ ಗದರಬಹುದು. ಜೀವದ ತೂಕ ಬೇರೆ, ಒಪ್ಪಿದೆ. ಆದರೆ ಮಂದಿ ನಂಬಿ ಬದುಕು ಕಟ್ಟಿಕೊಳ್ಳುವ ತನಕ ಸುಮ್ಮನಿದ್ದು ಆಮೇಲೆ ಕರಾರು ತಿರುಚುವ ಬುದ್ಧಿ ಎರಡೂ ಕಡೆ ಒಂದೇ. ವ್ಯತ್ಯಾಸವೆಂದರೆ, ನರಗುಂದದ ರೈತನಿಗೆ ಅಡ್ಡಬೀಳಲು ಒಂದು ಬಾಗಿಲಾದರೂ ಇತ್ತು. ಹ್ಯಾಶಿಕಾರ್ಪ್‌ನ ಬಾಗಿಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ.

ಇವರ ನೆಪ ಕೇಳಿ. ಅಮೆಜಾನಿನಂಥ ದೊಡ್ಡವರು ನಮ್ಮ ತಂತ್ರಾಂಶವನ್ನು ಬಾಡಿಗೆಗೆ ಕೊಟ್ಟು ಗಳಿಸುತ್ತಾರೆ, ನಮಗೆ ಬಿಡಿಗಾಸಿಲ್ಲ. ಸಂಕಟ ಸುಳ್ಳಲ್ಲ. ಆದರೆ ಪೆಟ್ಟು ಬಿದ್ದದ್ದು ಯಾರಿಗೆ? ಇಲಾಸ್ಟಿಕ್ ಬಾಗಿಲು ಹಾಕಿದ ವರ್ಷವೇ ಅಮೆಜಾನ್ ಓಪನ್‌ಸರ್ಚ್ ಎಂಬ ಕವಲನ್ನು ಅದರ ಹಳೆಯ ಮುಕ್ತ ಕೋಡಿನಿಂದಲೇ ಒಡೆಸಿಕೊಂಡಿತು. ರೆಡಿಸ್ ಪ್ರಕಟಣೆಯ ಎಂಟೇ ದಿನಕ್ಕೆ ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತು ಲಿನಕ್ಸ್ ಫೌಂಡೇಶನ್ನಿನ ನೆರಳಲ್ಲಿ ರೆಡಿಸ್‌ನದೇ ಕವಲಾದ ವಾಲ್ಕಿ ಹುಟ್ಟಿತು. ಆನೆಗಳು ಬೇಲಿ ದಾಟಿ ಹೋದವು.

ಉಳಿದವನು ಗಜೇಂದ್ರಗಡದಲ್ಲಿ ಕೂತು ಸೀರೆ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ಹುಡುಗ. ಅದನ್ನೇ ನಾಲ್ಕು ಅಂಗಡಿಗೆ ಸೇವೆಯಾಗಿ ಮಾರಿದರೆ ತಾನು ಹೊಸ ಕರಾರು ತಡೆಯುವ ಪ್ರತಿಸ್ಪರ್ಧಿಯೋ ಅಲ್ಲವೋ ಅವನಿಗೆ ತಿಳಿಯದು. ಹೇಳಬೇಕಾದ ವಕೀಲನಿಗೆ ಕೊಡುವಷ್ಟು ದುಡ್ಡು ಅವನ ವರ್ಷದ ಗಳಿಕೆಯಲ್ಲಿ ಇಲ್ಲ. ಹಳೆಯ ಆವೃತ್ತಿ ನಿನ್ನದೇ, ಯಾರು ಕಸಿದರು ಎನ್ನುತ್ತಾರೆ. ಕಾನೂನಿನ ಪ್ರಕಾರ ಸರಿ. ಭದ್ರತೆಯ ತೂತು ಮುಚ್ಚದ ಹಳೆಯದನ್ನು ಎಷ್ಟು ದಿನ ನೆಚ್ಚಿಕೊಳ್ಳಲಿ? ರಾತ್ರಿಯೆಲ್ಲ ಕೂತು ಕಲಿತ ವಿದ್ಯೆ ಎರಡು ಹೋಳಾಗಿದೆ, ಯಾವ ಹೋಳು ಹಿಡಿಯಬೇಕೆಂದು ಹೇಳುವವರಿಲ್ಲ.

ಪರವಾನಗಿ ಬದಲಿಸುವುದೇ ಪಾಪ ಎಂದಲ್ಲ. 2009ರಲ್ಲಿ ವಿಕಿಪೀಡಿಯ ತನ್ನ ಪರವಾನಗಿ ಬದಲಿಸಿತು, ನಮ್ಮ ಕನ್ನಡ ವಿಕಿಪೀಡಿಯವೂ ಜೊತೆಗೇ ಬದಲಾಯಿತು. ಆದರೆ ಮೊದಲು ಬರೆಯುವ ಮಂದಿಯ ಮುಂದೆ ಮತಕ್ಕೆ ಇಟ್ಟರು, 17 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದರು, ಮುಕ್ಕಾಲು ಪಾಲು ಸೈ ಎಂದ ಮೇಲೆಯೇ ಕೈಹಚ್ಚಿದರು. ಕನ್ನಡ ಅಕ್ಷರಗಳೂ ಇರುವ ಲೋಹಿತ್ ಫಾಂಟುಗಳು 2011ರಲ್ಲಿ ಜಿಪಿಎಲ್ ಬಿಟ್ಟು ಮುಕ್ತ ಫಾಂಟ್ ಪರವಾನಗಿಗೆ ಬಂದವು. ಬಾಗಿಲು ಇನ್ನಷ್ಟು ತೆರೆಯಿತು, ಗೊಣಗಲು ಕಾರಣವೇ ಇರಲಿಲ್ಲ.

ಕಂಪನಿಗಳ ಕೈಯಲ್ಲಿರುವ ಅಸ್ತ್ರ ಬೇರೆ. ಕೊಡುಗೆದಾರರ ಒಪ್ಪಂದ ಎಂಬ ಕಾಗದವಿದೆ. ಕೋಡ್ ಕಳಿಸುವವರು ಅದಕ್ಕೆ ಒಪ್ಪಿದರೆ, ಅವರ ದುಡಿಮೆಯನ್ನು ಮುಂದೆ ಬೇಕಾದ ಕರಾರಿನಲ್ಲಿ ಮಾರುವ ಹಕ್ಕು ಕಂಪನಿಗೆ ಹೋಗುತ್ತದೆ. ಕೊಟ್ಟವರು ಮಾತ್ರ ಕೊಟ್ಟದ್ದಕ್ಕೇ ಕಟ್ಟುಬೀಳಬೇಕು. ಲಿನಕ್ಸ್ ಕರ್ನಲ್‌ಗೆ ಆ ಕಾಗದವಿಲ್ಲ. ಅದರ ಹಕ್ಕು ಸಾವಿರಾರು ಜನರಲ್ಲಿ ಹಂಚಿಹೋಗಿದೆ, ಲೀನಸ್ ಟೋರ್ವಾಲ್ಡ್ಸ್ ಮನಸ್ಸು ಮಾಡಿದರೂ ಒಬ್ಬರೇ ಬದಲಿಸಲಾರರು. ಹೊಟ್ಟೆಪಾಡು ಇದೆಯಪ್ಪ ಎನ್ನುವ ಕಂಪನಿ ಮೊದಲ ದಿನವೇ ಬಾಗಿಲಿಗೆ ಬೆಲೆಪಟ್ಟಿ ಅಂಟಿಸಲಿ. ಪುಕ್ಕಟೆ ದುಡಿಸಿಕೊಂಡು ಆಮೇಲೆ ಅಂಟಿಸುವುದಕ್ಕೆ ವ್ಯಾಪಾರ ಎಂದು ಹೆಸರಿಡಬೇಡಿ.

ಈ ವರಸೆ ತಿರುಗುಬಾಣವಾದದ್ದೂ ಉಂಟು. ಲಿನಕ್ಸ್ ವಿತರಿಸುವ ಫೆಡೋರಾದವರು ರೆಡಿಸ್ ಬಿಟ್ಟು ವಾಲ್ಕಿ ಹಿಡಿದರು. ಟೆರಾಫಾರ್ಮ್‌ನಿಂದ ಓಪನ್‌ಟೋಫು ಕವಲೊಡೆಯಿತು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರ ಮೇ ತಿಂಗಳಲ್ಲಿ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯನ್ನೂ ಸೇರಿಸಿ ಹಿಂದಕ್ಕೆ ಬಂದವು. ಸಾನ್ಫಿಲಿಪ್ಪೊ ಕೂಡ ಕಂಪನಿಗೆ ಮರಳಿ ಇದಕ್ಕಾಗಿ ವಾದಿಸಿದರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮೊದಲಿನ ಬಿಎಸ್‌ಡಿ ಸಡಿಲ ಬರಲಿಲ್ಲ. ಕೋಡ್ ಕಳಿಸುವವರು ಇವತ್ತಿಗೂ ಒಪ್ಪಂದಕ್ಕೆ ಹೂಂ ಅನ್ನಲೇಬೇಕು, ಅಂದರೆ ನಾಳೆ ಮತ್ತೊಮ್ಮೆ ಬದಲಿಸುವ ಅಧಿಕಾರ ಕಂಪನಿಯ ಬಳಿಯೇ ಇದೆ. ರೋಣದ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ತಂಗಿ, ನಾಳೆ ನಿನ್ನ ಮೊದಲ ಕೋಡ್ ಕಳಿಸುವಾಗ ಆ ಕಾಗದ ನಿನ್ನ ಮುಂದೆಯೂ ಬರುತ್ತದೆ. ಸಹಿ ಹಾಕಬ್ಯಾಡವ್ವಾ.