ಸೈಲೆನ್ಸರ್‌ಗೂ ಎರಡು ಕೀಲಿ ಬೇಕು

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹುಲಿ ಗುರುಗುಟ್ಟಿದ ಹಾಗೆ ಸದ್ದಾಯಿತು. ಗದಗ ಬಿಟ್ಟು ಪುಣೆಯ ಕೋಥ್ರುಡ್‌ಗೆ ಬಂದು ಇಪ್ಪತ್ತೇಳು ವರ್ಷ ಆಯಿತು. ಗಣಪತಿಯ ಢೋಲ್-ತಾಶಾ, ಮದುವೆಯ ಬ್ಯಾಂಡು ಎಲ್ಲ ಕೇಳಿ ಕಿವಿ ಪಳಗಿದೆ. ಆದರೂ ಎದ್ದು ಕೂತೆ. ಬಾಲ್ಕನಿಯಿಂದ ಬಗ್ಗಿ ನೋಡಿದರೆ... ನಮ್ಮದೇ ಗಾಡಿ! ನಮ್ಮ ಸುಪುತ್ರನ ಪೋಲೋ ಜಿಟಿ ಟಿಎಸ್‌ಐ.

ಇಲ್ಲೇ ಚಾಕಣ್‌ನಲ್ಲಿ ತಯಾರಾದ ಕಾರು. 2022ರಲ್ಲಿ ಭಾರತದಲ್ಲಿ ಪೋಲೋ ಮಾರಾಟ ನಿಂತಿತು, ಅದರ ಹುಚ್ಚು ಮಾತ್ರ ನಿಂತಿಲ್ಲ. ಇವನು ಸೆಕೆಂಡ್ ಹ್ಯಾಂಡ್ ತಗೊಂಡು, ಕಂಪನಿಯ ಮಫ್ಲರ್ ಬಿಚ್ಚಿಸಿ ಹೊಸ ಎಕ್ಸಾಸ್ಟ್ ಹಾಕಿಸಿದ್ದಾನೆ. ಹಾಕಿಸಿದ ದಿನವೇ ನಾನು ತಕರಾರು ತೆಗೆದಿದ್ದೆ. "ಅಪ್ಪಾ, ಚಿಂತಿ ಮಾಡಬ್ಯಾಡ್ರಿ. ಇದರಾಗ ವಾಲ್ವ್ ಅದ. ರಿಮೋಟ್ ಒತ್ತಿದ್ರ ಗಪ್ಪ ಆಗ್ತದ" ಅಂದಿದ್ದ.

ವಿಷಯ ಇಷ್ಟೇ. ಇಂಜಿನ್ನಿನಿಂದ ಹೊಗೆ ನಲ್ಲಿಯ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ಒಂದರ ಹಿಂದೊಂದು ಏಟಿನ ಹಾಗೆ ಹೊಮ್ಮುತ್ತದೆ. ಮಫ್ಲರ್ ಒಳಗಿನ ಕೋಣೆಗಳು, ತೂತಿನ ಕೊಳವೆ, ಗ್ಲಾಸ್ ವುಲ್ ಸೇರಿ ಆ ಏಟನ್ನು ಮೆತ್ತಗೆ ಮಾಡುತ್ತವೆ. ಇವನು ಹಾಕಿಸಿದ್ದರಲ್ಲಿ ದಾರಿ ಎರಡು: ಒಂದು ಮಫ್ಲರ್ ಮೂಲಕ, ಇನ್ನೊಂದು ನೇರ ಹೊರಗೆ. ನೇರ ದಾರಿಗೆ ಚಿಟ್ಟೆಯ ರೆಕ್ಕೆಯಂಥ ಒಂದು ತಗಡಿನ ಬಾಗಿಲು, ಅದನ್ನು ತಿರುಗಿಸಲು ಪುಟ್ಟ ಮೋಟಾರು. ಮುಚ್ಚಿದರೆ ಹಸು, ತೆರೆದರೆ ಹುಲಿ. ದುಬಾರಿ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಕಂಪನಿಯಿಂದಲೇ ಬರುತ್ತದೆ. 2006ರ ಕಾರ್ವೆಟ್ ಝಡ್06ನಲ್ಲೇ ಇತ್ತು.

ಒಪ್ಪಿಕೊಳ್ಳುತ್ತೇನೆ, ಸೈಲೆನ್ಸರ್ ಕಿತ್ತು ಊರೆಲ್ಲ ಪಟಾಕಿ ಹೊಡೆಯುತ್ತ ಹೋಗುವ ಬುಲೆಟ್ ಹುಡುಗರಿಗಿಂತ ನನ್ನ ಮಗ ಎಷ್ಟೋ ವಾಸಿ. ಬೇಕಾದಾಗ ಸುಮ್ಮನಿರಬೇಕು ಅನ್ನುವ ಬುದ್ಧಿಯಾದರೂ ಇದೆ. ಮತ್ತೆ ಆ ರಾತ್ರಿ ಯಾಕೆ ಹುಲಿ? ರಿಮೋಟಿನ ಸೆಲ್ ಮುಗಿದಿತ್ತಂತೆ! ವಾಲ್ವ್ ತೆರೆದದ್ದು ತೆರೆದೇ ಉಳಿಯಿತು.

ಬೆಳಿಗ್ಗೆ ಲಿಫ್ಟಿನಲ್ಲಿ ಮೊದಲ ಮಹಡಿಯ ಕಾಕು ಸಿಕ್ಕರು. ಅವರ ಯಜಮಾನರಿಗೆ ಬೈಪಾಸ್ ಆಗಿ ಹದಿನೈದು ದಿನ ಆಗಿತ್ತು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ರಾತ್ರಿಯ ಗಾಡಿ ನಿಮ್ಮದೇನು ಅಂತ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಕಾಕಾ ಬೆಚ್ಚಿ ಎದ್ದವರು ಬೆಳಗಿನವರೆಗೂ ಮಲಗಲಿಲ್ಲವಂತೆ. ನಾನು ಹೌದು ಅಂದೆ. ಲಿಫ್ಟ್ ಇಳಿಯುವವರೆಗೂ ತಲೆ ಎತ್ತಲಿಲ್ಲ.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. "ಬೇಕಾದಾಗ ಸುಮ್ಮನೆ" ಅಂತಾರಲ್ಲ, ಯಾರಿಗೆ ಬೇಕಾದಾಗ? ಬಟನ್ ಇರುವುದು ಓಡಿಸುವವನ ಕೈಯಲ್ಲಿ, ಕಿವಿ ಇರುವುದು ಮಲಗಿದವನ ಹತ್ತಿರ.

ನಾನು ಬ್ಯಾಂಕಿನವನು, ನನಗೆ ತಿಳಿದಿದ್ದರಿಂದಲೇ ಹೇಳುತ್ತೇನೆ. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಹತ್ತಿರ. ನಾನು ಪ್ರಾಮಾಣಿಕನಲ್ಲ ಅಂತಲ್ಲ. ಒಬ್ಬನ ನೆನಪು, ಒಬ್ಬನ ಮನಸ್ಸಿನ ಮೇಲೆ ಊರಿನ ದುಡ್ಡು ಬಿಡಬಾರದು ಅಂತ. ಮುಚ್ಚಿರುವುದೇ ಅದರ ಸಹಜ ಸ್ಥಿತಿ. ತೆರೆಯುವುದಕ್ಕೆ ಕಾರಣ ಬೇಕು. ಈ ವಾಲ್ವಿನದು ಉಲ್ಟಾ ಲೆಕ್ಕ. ಒಂದೇ ಕೀಲಿ, ಅದೂ ಉತ್ಸಾಹದಲ್ಲಿರುವ ಹುಡುಗನ ಕೈಯಲ್ಲಿ.

ಎರಡನೆಯ ಕೀಲಿಯನ್ನು ಕಾಕು ಹಿಡಿದುಕೊಂಡು ಕೂರುವುದಕ್ಕೆ ಆಗುವುದಿಲ್ಲ, ಹಾಗಾಗಿ ಅವರ ಪರವಾಗಿ ಕಾಯಿದೆ ಹಿಡಿದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ 190(2)ರ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಇಷ್ಟೆಲ್ಲ ಮಾಡಿ ಗಳಿಕೆ ಏನು? ಹಿಂದಿನ ಮಫ್ಲರ್ ಒಂದನ್ನೇ ಬದಲಿಸಿದರೆ ಇಂಥ ಪುಟ್ಟ ಟರ್ಬೋ ಇಂಜಿನ್ನಿಗೆ ಹೆಚ್ಚುವ ಶಕ್ತಿ ನಾಮಮಾತ್ರ. ಉಳಿದದ್ದು ಬರೀ ಸದ್ದು.

"ಅಪ್ಪಾ, ನಿಮಗ ಕಾರಿನ ಹುಚ್ಚು ತಿಳಿಯೂದಿಲ್ಲ" ಅಂದ ಮಗ. ತಿಳಿಯದೇನು? 1988ರಲ್ಲಿ ಬಿ.ಕಾಂ. ಓದುವಾಗ ನಮ್ಮ ಮಾಮಾನ ಯೆಜ್ಡಿಯ ಎರಡೂ ಸೈಲೆನ್ಸರಿನ ಬ್ಯಾಫಲ್ ಎಳೆದು ತೆಗೆದು ಇಡೀ ಓಣಿ ಎಬ್ಬಿಸಿದವನು ನಾನೇ. ಸಂಜೆ ಮಾಮಾ ಒಂದೇ ಮಾತು ಹೇಳಿದರು: "ಹೊಳ್ಳಿ ಹಾಕು." ಹಾಕಿದೆ.

ಇನ್ನು ಹುಚ್ಚಿನ ಮಾತಿಗೆ ಬಂದರೆ ನಮ್ಮ ಜಿಲ್ಲೆಯ ರೋಣದಲ್ಲಿ ಹುಟ್ಟಿ ಪುಣೆಯವರಾದ ಪಂಡಿತ ಭೀಮಸೇನ ಜೋಶಿಯವರಿಗಿಂತ ದೊಡ್ಡ ಕಾರುಪ್ರೇಮಿ ಬೇಕೆ? ದೂರದೂರದ ಕಚೇರಿಗಳಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಅವರು 1953ರಲ್ಲಿ ಕುಂದಗೋಳದ ಗುರುಗಳ ನೆನಪಿಗೆ ಶುರುಮಾಡಿದ ಸವಾಯಿ ಗಂಧರ್ವ ಉತ್ಸವ ಒಂದು ಕಾಲಕ್ಕೆ ರಾತ್ರಿಯಿಡೀ ನಡೆಯುತ್ತಿತ್ತು. ಧ್ವನಿವರ್ಧಕದ ನಿಯಮ ಬಂದ ಮೇಲೆ ಆ ಅಹೋರಾತ್ರಿ ಸಂಗೀತ ನಿಂತಿತು. ಬೆಳಗಿನ ಭೈರವಿಗೇ ಈ ಊರು ಗಡಿಯಾರ ತೋರಿಸಿದೆ, ನಿನ್ನ ಕೊಳವೆ ಯಾವ ಲೆಕ್ಕ?

ಹಾಗಂತ ಈ ಜಾಣತನವನ್ನೇ ಬೇಡ ಅನ್ನುವುದಿಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಇಂಜಿನಿಯರ್ ಒಬ್ಬರ ಮಸ್ಟಾಂಗ್ ಸದ್ದಿಗೆ ಪಕ್ಕದ ಮನೆಯವರು ಪೊಲೀಸರನ್ನು ಕರೆದಿದ್ದರು. ಅದೇ ನೆಪವಾಗಿ 2018ರ ಮಾದರಿಗೆ 'ಒಳ್ಳೆಯ ನೆರೆಯವ' ಅನ್ನುವ ವ್ಯವಸ್ಥೆ ಬಂತು. ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಸದ್ದು ಕಡಿಮೆ ಅಂತ ಮೊದಲೇ ಗೊತ್ತು ಮಾಡಿಡಬಹುದು. ಕಾರು ಶುರುವಾಗುವಾಗಿನ ಸದ್ದು ಸುಮಾರು 10 ಡೆಸಿಬೆಲ್ ಇಳಿದು 72ಕ್ಕೆ ಬರುತ್ತದೆ ಅಂತ ಕಂಪನಿ ಹೇಳಿತ್ತು. ಇದರಲ್ಲಿ ನನಗೆ ಹಿಡಿಸಿದ್ದು, ತೀರ್ಮಾನವನ್ನು ತಂಪು ತಲೆಯಲ್ಲಿ ಮುಂಚೆಯೇ ಮಾಡುವುದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟಾಗ ಅಲ್ಲ.

ನನ್ನ ಬೇಡಿಕೆ ಇಷ್ಟು. ವಾಲ್ವ್ ಸಹಜವಾಗಿ ಮುಚ್ಚಿರಬೇಕು. ಸೆಲ್ ಮುಗಿದರೂ, ವೈರ್ ಕಿತ್ತರೂ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳಬೇಕು. ಮಿತಿಯನ್ನು ತೆರೆದ ಸ್ಥಿತಿಯಲ್ಲೇ ಅಳೆಯಬೇಕು. ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆಯೇ 1966ರಿಂದ ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇದೆ. ಅಂಥಲ್ಲಿ ಪಾಸಾದ ಎಕ್ಸಾಸ್ಟನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವ ನೇರ ದಾರಿ ಸರ್ಕಾರ ಮಾಡಿಕೊಡಲಿ. ಹುಡುಗರು ಕದ್ದುಮುಚ್ಚಿ ಹಾಕಿಸುವುದು ತಪ್ಪುತ್ತದೆ. ಹುಲಿ ಗರ್ಜಿಸಲೇಬೇಕು ಅನ್ನುವವರಿಗೆ ಚೆನ್ನೈ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್ ಇವೆ.

ಮಗನಿಗೂ ಮಾಮಾನ ಮಾತನ್ನೇ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಕಂಪನಿಯ ಮಫ್ಲರ್ ವಾಪಸು ಬಂತು. ಹೊಸದು ಈಗ ಮಾಳಿಗೆಯಲ್ಲಿ ಹಳೆಯ ಪೇಪರಿನ ಜೊತೆ ಮಲಗಿದೆ. ಆಮೇಲೆ ಅವನೇ ಕೆಳಗಿಳಿದು ಕಾಕಾರನ್ನು ಮಾತಾಡಿಸಿ ಬಂದ. ಅವರು ಕಾರಿನ ಬಗ್ಗೆ ಒಂದು ಗಂಟೆ ಕೇಳಿದರಂತೆ, ಮುಂದಿನ ಚೆಕಪ್ಪಿಗೆ ಅದರಲ್ಲೇ ಕರಕೊಂಡು ಹೋಗು ಅಂದರಂತೆ.

ನನ್ನದು ಹಳೇ ಕಾಲದವನ ಗೊಣಗಾಟವೋ ಅಥವಾ ಇದರಲ್ಲಿ ಹುರುಳಿದೆಯೋ? ನಿಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹುಲಿ ಇದ್ದರೆ ನೀವೇ ಯೋಚಿಸಿ ನೋಡಿ.