ಅದು ಪ್ರಪಂಚದ ಕೊನೆಯಲ್ಲ ಸ್ವಾಮಿ, ಅವರ ಮನೆ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಈ ಬರಹದಲ್ಲಿ ಯಾರನ್ನು ಬೈಯಲು ಹೊರಟಿದ್ದೇನೋ ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಹೋದ ವರ್ಷ ಒಂದು ರಾತ್ರಿ ಆಫೀಸಿನ ರಿಲೀಸು ಎಡವಟ್ಟಾಗಿ, ಮೂರು ಗಂಟೆಯವರೆಗೆ ಫೋನಿನಲ್ಲಿ ಬೈಸಿಕೊಂಡು, ನಿದ್ದೆ ಬಾರದೆ ಕಂಪ್ಯೂಟರಿನಲ್ಲಿ ಭೂಪಟ ತಿರುಗಿಸುತ್ತಾ ಕೂತಿದ್ದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ನೀಲಿಯ ನಡುವೆ ಒಂದು ಚುಕ್ಕಿ ಕಂಡಿತು. ಟ್ರಿಸ್ಟನ್ ಡ ಕುನ್ಹಾ. ಸುಮಾರು ನೂರು ಚದರ ಕಿಲೋಮೀಟರಿನ ಜ್ವಾಲಾಮುಖಿ ದ್ವೀಪ, ನಡುವೆ 2,000 ಮೀಟರಿಗೂ ಎತ್ತರದ ಶಿಖರ, ಕೆಳಗೆ ಕಡಲಂಚಿನಲ್ಲಿ ಒಂದೇ ಒಂದು ಊರು. ಜನಸಂಖ್ಯೆ 250ಕ್ಕೂ ಕಡಿಮೆ. ಜನವಸತಿ ಇರುವ ಅತಿ ಹತ್ತಿರದ ಜಾಗ ಸೇಂಟ್ ಹೆಲೆನಾ, ಅದೂ 2,400 ಕಿಲೋಮೀಟರಿಗಿಂತ ದೂರ. ಕೇಪ್‌ಟೌನ್ ಇನ್ನೂ ದೂರ. ವಿಮಾನ ನಿಲ್ದಾಣ ಇಲ್ಲವೇ ಇಲ್ಲ.

ಆ ಕ್ಷಣಕ್ಕೆ ಅನ್ನಿಸಿದ್ದು ಒಂದೇ. ಅಲ್ಲಿಗೆ ಓಡಿಹೋಗಬೇಕು. ಮ್ಯಾನೇಜರ್ ಫೋನು ಬರಬಾರದು, ಟ್ರಾಫಿಕ್ ಇರಬಾರದು. ಬೆಳಗಾಗುವಷ್ಟರಲ್ಲಿ ಒಂದು ಎಕ್ಸೆಲ್ ಶೀಟ್ ತಯಾರಾಗಿತ್ತು. (ಎಂಜಿನಿಯರಿಂಗ್ ಓದಿದವನಿಗೆ ಕನಸೂ ಎಕ್ಸೆಲ್‌ನಲ್ಲೇ ಬೀಳುತ್ತದೆ :-) ) ಕೇಪ್‌ಟೌನಿಗೆ ವಿಮಾನ, ಅಲ್ಲಿಂದ ಹಡಗು. ಹಡಗಿನಲ್ಲಿ ಒಂದು ವಾರ, ಸಮುದ್ರ ಮುನಿಸಿಕೊಂಡರೆ ಇನ್ನೂ ಹೆಚ್ಚು. ಉಳಿದಿರುವ ರಜೆ ಎಷ್ಟು, ಸಂಬಳ ಕಳಕೊಳ್ಳುವ ದಿನ ಎಷ್ಟು, ಎಲ್ಲಕ್ಕೂ ಒಂದೊಂದು ಕಾಲಂ.

ಹಡಗಿನ ವಿವರ ಓದುತ್ತಾ ಹೋದಾಗ ಒಂದು ಕಡೆ ನಿಂತುಬಿಟ್ಟೆ. ಆ ದ್ವೀಪಕ್ಕೆ ಹೋಗುವ ಮೀನುಗಾರಿಕಾ ಹಡಗಿನಲ್ಲಿ ಪ್ರಯಾಣಿಕರಿಗೆ ಇರುವುದು ಹನ್ನೆರಡು ಜಾಗ. ಅಂಥ ಹಡಗುಗಳು ಬರುವುದು ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಸಲ. ಮೊದಲ ಆದ್ಯತೆ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳಿಗೆ. ನನ್ನಂಥ ಪ್ರವಾಸಿ ಸಾಲಿನ ಕೊನೆಯಲ್ಲಿ. ಸೀಟು ಸಿಕ್ಕಿದ ಮೇಲೂ, ಹೆಚ್ಚು ಅಗತ್ಯ ಇರುವವರು ಬಂದರೆ ನಾನು ಬಿಟ್ಟುಕೊಡಬೇಕು.

ಮೊದಲು ಸಿಟ್ಟು ಬಂತು. ದುಡ್ಡು ಕೊಟ್ಟವನನ್ನು ಹೀಗೆ ಇಳಿಸುತ್ತಾರಾ? ಆಮೇಲೆ ನಾಚಿಕೆಯಾಯಿತು. ನನ್ನ 'ಓಡಿಹೋಗುವ' ಜಾಗಕ್ಕೆ ಇರುವ ಹಡಗು ಅಲ್ಲಿಯವರಿಗೆ ಆಂಬುಲೆನ್ಸ್ ಕಣ್ರೀ. ಆಂಬುಲೆನ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳುತ್ತಿದ್ದೆ ನಾನು.

ಇರಲಿ, ವಿಷಯಕ್ಕೆ ಬರೋಣ. ಇಂಥ ದ್ವೀಪಗಳ ಬಗ್ಗೆ ನಾವು ಬ್ಲಾಗಿಗರು ಬರೆಯುವ ರೀತಿಯ ಮೇಲೆ ನನಗೆ ತಕರಾರಿದೆ. ಟ್ರಿಸ್ಟನ್ ಬಗ್ಗೆ ಯಾರೇ ಬರೆಯಲಿ, ನಾಲ್ಕು ಮಾತು ಬಂದೇ ಬರುತ್ತವೆ. 'ಪ್ರಪಂಚದ ಕೊನೆ', 'ಕಾಲ ನಿಂತುಹೋದ ಊರು', 'ಪಾಪ, ಹೇಗೆ ಬದುಕುತ್ತಾರೋ', ಕೊನೆಗೆ 'ಒಂದು ಏರ್‌ಪೋರ್ಟ್ ಯಾಕೆ ಕಟ್ಟಬಾರದು?'. ನಾಲ್ಕೂ ಮಾತು ನಮ್ಮ ಬಗ್ಗೆ ಹೇಳುತ್ತವೆ, ಅವರ ಬಗ್ಗೆ ಅಲ್ಲ.

ಮೊದಲನೆಯದು, 'ಪ್ರಪಂಚದ ಕೊನೆ'. ಯಾರ ಪ್ರಪಂಚದ ಕೊನೆ? 1816ರಲ್ಲಿ ಬ್ರಿಟಿಷರು ಅಲ್ಲಿ ಒಂದು ಪಡೆ ಇಟ್ಟರು. ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಬಂದಿಯಾಗಿದ್ದ, ಅವನನ್ನು ಬಿಡಿಸಲು ಯಾರಾದರೂ ಈ ದ್ವೀಪವನ್ನು ಬಳಸಿಕೊಂಡರೆ ಎಂಬ ಭಯ. 1817ರಲ್ಲಿ ಪಡೆ ವಾಪಸಾದಾಗ ವಿಲಿಯಂ ಗ್ಲಾಸ್ ಎಂಬ ಸ್ಕಾಟಿಷ್ ಕಾರ್ಪೊರಲ್ ಹೆಂಡತಿ ಮಕ್ಕಳ ಜೊತೆ ಅಲ್ಲೇ ಉಳಿದ. ಜೊತೆಗಿದ್ದವರೊಂದಿಗೆ ಒಂದು ಒಪ್ಪಂದ ಬರೆದುಕೊಂಡ: ದನಕರು, ದಾಸ್ತಾನು ಎಲ್ಲರಿಗೂ ಸಮ, ಯಾರೂ ಯಾರ ಮೇಲೂ ದೊಡ್ಡಸ್ತಿಕೆ ತೋರಿಸುವಂತಿಲ್ಲ. ಇವತ್ತಿಗೂ ಅಲ್ಲಿ ಭೂಮಿ ಊರಿನದು, ಒಬ್ಬೊಬ್ಬರದಲ್ಲ. 1827ರಲ್ಲಿ ಸೇಂಟ್ ಹೆಲೆನಾದಿಂದ ಹೆಣ್ಣುಮಕ್ಕಳು ಬಂದು ಸಂಸಾರ ಹೂಡಿದರು. ಆಮೇಲೆ ಹಡಗೊಡೆದು ಬಂದ ಡಚ್ಚನೊಬ್ಬ, ಅಮೆರಿಕದ ನಾವಿಕರು, 1892ರಲ್ಲಿ ಹಡಗೊಡೆದು ದಡ ಸೇರಿದ ಇಬ್ಬರು ಇಟಾಲಿಯನ್ನರು. ಗ್ಲಾಸ್, ಸ್ವೇನ್, ಗ್ರೀನ್, ರಾಜರ್ಸ್, ಹೇಗನ್, ರೆಪೆಟ್ಟೊ, ಲವರೆಲ್ಲೊ... ಈ ಏಳು ಮನೆತನಗಳಲ್ಲಿ ಅರ್ಧ ಭೂಮಿಯೇ ಇದೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ನನಗೆ ಗೊತ್ತಿಲ್ಲ. ದೂರ ಇರುವವರು ಯಾರು ಹೇಳಿ?

ಎರಡನೆಯದು, 'ಕಾಲ ನಿಂತಿದೆ'. ಆ ಊರಿನ ಮುಖ್ಯ ಆದಾಯ ಕಡಲಿನಲ್ಲಿ ಹಿಡಿಯುವ ಲಾಬ್‌ಸ್ಟರ್. ಅದು ಹೆಪ್ಪುಗಟ್ಟಿಸಿದ ಪೆಟ್ಟಿಗೆಗಳಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಅವರ ಅಂಚೆಚೀಟಿ ಜಗತ್ತಿನ ಸಂಗ್ರಾಹಕರ ಕೈಸೇರುತ್ತದೆ. 2005ರಲ್ಲಿ ಅವರಿಗೆ ಬ್ರಿಟನ್ನಿನ ಮಾದರಿಯ ಪೋಸ್ಟ್‌ಕೋಡ್ ಸಿಕ್ಕಿತು. ಯಾಕೆ ಗೊತ್ತಾ? ಅಂತರ್ಜಾಲದಲ್ಲಿ ಸಾಮಾನು ತರಿಸಲು ಹೋದರೆ ಪೋಸ್ಟ್‌ಕೋಡ್ ಇಲ್ಲದ ವಿಳಾಸ ನಡೆಯುತ್ತಿರಲಿಲ್ಲ. ಆ ಕಾಲಂ ಕಡ್ಡಾಯ ಮಾಡಿದ್ದು ನನ್ನಂಥವನೇ ಯಾರೋ, ಹವಾನಿಯಂತ್ರಿತ ಕೋಣೆಯಲ್ಲಿ ಕೂತು. ನಿಂತಿದ್ದು ಅವರ ಕಾಲ ಅಲ್ಲ, ನಮ್ಮ ತಲೆ. 2020ರಲ್ಲಿ ಇದೇ ಪುಟ್ಟ ಜನಸಮೂಹ ತಮ್ಮ ಸುತ್ತಲಿನ ಸುಮಾರು 6,87,000 ಚದರ ಕಿಲೋಮೀಟರ್ ಸಮುದ್ರವನ್ನು ಸಂರಕ್ಷಿತ ವಲಯ ಎಂದು ಘೋಷಿಸಿತು. ಮೂರು ಕರ್ನಾಟಕ ಹಾಕಿದರೂ ಇನ್ನೂ ಜಾಗ ಉಳಿಯುವಷ್ಟು.

ಮೂರನೆಯದು, ಈ 'ಪಾಪ'. ನನಗೆ ಅತಿ ಹೆಚ್ಚು ಕೋಪ ಬರುವುದು ಇದಕ್ಕೇ.

1885ರಲ್ಲಿ ಹಾದುಹೋಗುತ್ತಿದ್ದ ಹಡಗೊಂದರ ಜೊತೆ ವ್ಯಾಪಾರ ಮಾಡಲು ದೋಣಿಯಲ್ಲಿ ಹೋದ ಹದಿನೈದು ಗಂಡಸರು ವಾಪಸ್ ಬರಲೇ ಇಲ್ಲ. ಊರಿನಲ್ಲಿ ಉಳಿದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು. ಆದರೂ ಊರು ಖಾಲಿಯಾಗಲಿಲ್ಲ.

1961ರಲ್ಲಿ ಜ್ವಾಲಾಮುಖಿಯೇ ಎದ್ದಿತು. ಆಗಸ್ಟ್‌ನಿಂದ ನೆಲ ನಡುಗುತ್ತಿತ್ತು. ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ನೆಲ ಬಾಯಿಬಿಟ್ಟು ಲಾವಾ ಬಂತು. ಊರಿನ 264 ಜನ ಮೊದಲು ಪಕ್ಕದ ನೈಟಿಂಗೇಲ್ ದ್ವೀಪಕ್ಕೆ, ಅಲ್ಲಿಂದ ಹಡಗಿನಲ್ಲಿ ಕೇಪ್‌ಟೌನಿಗೆ, ನವೆಂಬರ್ ಹೊತ್ತಿಗೆ ಇಂಗ್ಲೆಂಡಿಗೆ ಬಂದರು. ಮೀನಿನ ಕಾರ್ಖಾನೆಯನ್ನು ಲಾವಾ ನುಂಗಿತು. ಇಂಗ್ಲೆಂಡಿನಲ್ಲಿ ಸೌತಾಂಪ್ಟನ್ ಹತ್ತಿರದ ಕಾಲ್‌ಷಾಟ್ ಎಂಬಲ್ಲಿ ಮನೆ ಸಿಕ್ಕಿತು, ಕೆಲಸ ಸಿಕ್ಕಿತು. ವಿದ್ಯುತ್ತು, ಟಿವಿ, ಬಸ್ಸು, ಆಸ್ಪತ್ರೆ ಎಲ್ಲ ಕಾಲಬುಡದಲ್ಲಿ. 'ಪಾಪದ ಜನ ಕೊನೆಗೂ ನಾಗರಿಕತೆಗೆ ಬಂದರು' ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ?

ಅವರೇನು ಮಾಡಿದರು? ಒಂದು ವರ್ಷ ಎಲ್ಲವನ್ನೂ ನೋಡಿದರು. ಅಲ್ಲಿನ ಚಳಿ, ನೆಗಡಿ, ಎದೆಯ ಸೋಂಕಿಗೆ ಕೆಲವು ಹಿರಿಯರು ತೀರಿಕೊಂಡರು. 1962ರಲ್ಲಿ ತಮ್ಮಲ್ಲೇ ಹನ್ನೆರಡು ಜನರನ್ನು ಊರು ನೋಡಿಬರಲು, ಸರಿಮಾಡಲು ಕಳಿಸಿದರು. ಆ ವರ್ಷದ ಕೊನೆಗೆ ಮತ ಹಾಕಿದರು. ವಾಪಸ್ ಹೋಗೋಣ ಎಂದವರು 148, ಬೇಡ ಎಂದವರು 5. 1963ರಲ್ಲಿ ಬಹುಪಾಲು ಜನ ತಮ್ಮ ಆಲೂಗಡ್ಡೆ ಹೊಲಗಳಿಗೆ ಮರಳಿದರು. ಆಮೇಲೆ ಕಟ್ಟಿದ ಪುಟ್ಟ ಬಂದರಿಗೆ ಕಾಲ್‌ಷಾಟ್ ಎಂದೇ ಹೆಸರಿಟ್ಟರು. ಅಂದರೆ ಇಂಗ್ಲೆಂಡಿನ ಮೇಲೆ ದ್ವೇಷವೇನೂ ಇರಲಿಲ್ಲ. ಕೆಲವರು ಕೆಲ ವರ್ಷಗಳ ನಂತರ ಮತ್ತೆ ಇಂಗ್ಲೆಂಡಿಗೇ ಹೋದರು, ಅದನ್ನೂ ಹೇಳಬೇಕು. ಹೋದವರೂ ಉಳಿದವರೂ ಎರಡೂ ಕಡೆ ಕಂಡು, ತೂಗಿ ನೋಡಿ ತೀರ್ಮಾನ ಮಾಡಿದವರು. ನಮ್ಮಲ್ಲಿ ಎಷ್ಟು ಜನ ನಾವಿರುವ ಊರನ್ನು ಹೀಗೆ ಮತ ಹಾಕಿ ಆರಿಸಿಕೊಂಡಿದ್ದೇವೆ? ನಾನಂತೂ ಕ್ಯಾಂಪಸ್ ಸೆಲೆಕ್ಷನ್ ಎಲ್ಲಿಗೆ ಕಳಿಸಿತೋ ಅಲ್ಲಿಗೆ ಬಂದವನು. ಯಾರು ಯಾರಿಗೆ 'ಪಾಪ' ಅನ್ನಬೇಕು?

ನಾಲ್ಕನೆಯದು ಏರ್‌ಪೋರ್ಟ್. ಇಲ್ಲಿ ನನ್ನ ಗೆಳೆಯನೊಬ್ಬ ಗಟ್ಟಿಯಾದ ಪ್ರಶ್ನೆಯನ್ನೇ ಕೇಳಿದ. "ಹಡಗೇ ಆಂಬುಲೆನ್ಸ್ ಅಂತೀಯ. ವಿಮಾನ ಇದ್ದರೆ ಜೀವ ಉಳಿಯಲ್ವೇನೋ? ಪ್ರವಾಸಿಗರು ಬಂದರೆ ದುಡ್ಡೂ ಬರುತ್ತೆ. ನಿನ್ನ ರೊಮ್ಯಾಂಟಿಕ್ ದ್ವೀಪಕ್ಕೋಸ್ಕರ ಅವರು ಕಷ್ಟಪಡಬೇಕಾ?"

ಸರಿಯಾದ ಮಾತು. ಅದಕ್ಕೆ ಸೇಂಟ್ ಹೆಲೆನಾ ಕಡೆ ನೋಡಬೇಕು. ಅದೂ ಜ್ವಾಲಾಮುಖಿ ದ್ವೀಪವೇ, ಜನ ಕೆಲವು ಸಾವಿರ. 2002ರಲ್ಲಿ ಅಲ್ಲಿಯವರನ್ನು ಕೇಳಿದಾಗ ಬಹುಮತ ವಿಮಾನ ನಿಲ್ದಾಣದ ಪರ ಇತ್ತು. ಬ್ರಿಟನ್ 28.5 ಕೋಟಿ ಪೌಂಡ್ ಖರ್ಚು ಮಾಡಿ ಕಟ್ಟಿಸಿತು. ರನ್‌ವೇ ತುದಿಯಲ್ಲಿ ಗಾಳಿ ಥಟ್ಟನೆ ದಿಕ್ಕು ಬದಲಿಸುವುದರಿಂದ 2016ರಲ್ಲಿ ಶುರುವಾಗಬೇಕಿದ್ದ ಪ್ರಯಾಣಿಕರ ವಿಮಾನ ಶುರುವಾಗಿದ್ದು 2017ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಪತ್ರಿಕೆಗಳು ಅದಕ್ಕೆ 'ಜಗತ್ತಿನ ಅತ್ಯಂತ ನಿರುಪಯುಕ್ತ ವಿಮಾನ ನಿಲ್ದಾಣ' ಎಂದು ಹಣೆಪಟ್ಟಿ ಹಚ್ಚಿ ನಕ್ಕಿದ್ದವು. ಆದರೆ ಪ್ರಯಾಣಿಕರ ವಿಮಾನಕ್ಕೂ ಮೊದಲೇ, 2016ರಲ್ಲೇ, ರೋಗಿಯನ್ನು ಕರೆದೊಯ್ಯಲು ಅಲ್ಲಿ ವಿಮಾನ ಇಳಿದಿತ್ತು. ನಿರುಪಯುಕ್ತ ಯಾರಿಗೆ? ರಜೆಗೆ ಟಿಕೆಟ್ ಸಿಗದವನಿಗೆ.

ಅಂದರೆ ಸೇಂಟ್ ಹೆಲೆನಾದವರು ಬೇಕು ಎಂದರು, ಸರಿ. ಟ್ರಿಸ್ಟನ್ ಜನ ಬಾಗಿಲ ಬಳಿ ತಾವೇ ನಿಂತು ಒಳಗೆ ಬಿಡುತ್ತಾರೆ, ಅದೂ ಸರಿ. ಅಲ್ಲಿಗೆ ಹೋಗಲು ದ್ವೀಪ ಮಂಡಳಿಯ ಒಪ್ಪಿಗೆ ಬೇಕು. ವಾಪಸ್ ಟಿಕೆಟ್ ಬೇಕು, ಕಾಯಿಲೆ ಬಿದ್ದರೆ ಕೇಪ್‌ಟೌನಿಗೆ ಸಾಗಿಸುವ ಖರ್ಚಿಗೆ ವಿಮೆ ಬೇಕು. ಹೊರಗಿನವರು ಜಾಗ ಕೊಂಡು ನೆಲೆಸುವಂತಿಲ್ಲ. ನನ್ನ ತಕರಾರು ಏರ್‌ಪೋರ್ಟಿನ ಮೇಲಲ್ಲ. 'ಯಾಕೆ ಕಟ್ಟಬಾರದು' ಎಂದು ಕೇಳುವವರು ಒಬ್ಬರೂ ಅಲ್ಲಿನ ರೋಗಿಯ ಹೆಸರಿನಲ್ಲಿ ಶುರುಮಾಡುವುದಿಲ್ಲ. 'ನಾನು ಹೋಗುವುದು ಹೇಗೆ' ಎಂಬಲ್ಲಿಂದ ಶುರುಮಾಡಿ, ಯಾರಾದರೂ ತಡೆದರೆ ಮಾತ್ರ ರೋಗಿಯನ್ನು ಎಳೆದು ತರುತ್ತಾರೆ. ನನ್ನ ಗೆಳೆಯನೂ ಹಾಗೇ ಮಾಡಿದ್ದು.

ಬಾಗಿಲ ಬಳಿ ನಿಲ್ಲುವುದು ಸೊಕ್ಕಲ್ಲ ಎನ್ನುವುದಕ್ಕೆ 2011ರ ಕಥೆ ಸಾಕು. ಆ ಮಾರ್ಚ್‌ನಲ್ಲಿ ಬ್ರೆಜಿಲ್‌ನಿಂದ ಸಿಂಗಾಪುರಕ್ಕೆ 65,000 ಟನ್ ಸೋಯಾ ಹೊತ್ತು ಹೊರಟಿದ್ದ ಒಲಿವಾ ಎಂಬ ಹಡಗು ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿಯಿತು. ಅಷ್ಟು ದೊಡ್ಡ ಸಾಗರದಲ್ಲಿ ಅಷ್ಟು ಚಿಕ್ಕ ದ್ವೀಪಕ್ಕೆ! 22 ಸಿಬ್ಬಂದಿಯೂ ಬದುಕುಳಿದರು. ಹಡಗಿನ ಎಣ್ಣೆ ಕಡಲಿಗೆ ಸೇರಿ ಸಾವಿರಾರು ಪೆಂಗ್ವಿನ್‌ಗಳ ಮೈಗೆ ಮೆತ್ತಿಕೊಂಡಿತು. ದ್ವೀಪದ ಜನ ಅವನ್ನು ಹೊತ್ತು ತಂದು ತೊಳೆದರು, ಊರಿನ ಈಜುಕೊಳವನ್ನು ಪೆಂಗ್ವಿನ್‌ಗಳಿಗೆ ಬಿಟ್ಟುಕೊಟ್ಟರು. ಆದರೂ ಸತ್ತಿದ್ದೇ ಹೆಚ್ಚು. ಹೊಟ್ಟೆಪಾಡಿನ ಲಾಬ್‌ಸ್ಟರ್‌ಗೂ ಹೊಡೆತ ಬಿತ್ತು. ನೋಡಿ, ಕರೆಯದೇ ಬಂದ ಪ್ರಪಂಚ ಅವರಿಗೆ ತಂದುಕೊಟ್ಟಿದ್ದು ಇದು. ಒಂದು ಇಲಿ, ಬೂಟಿಗಂಟಿದ ಒಂದು ಬೀಜ ಸಾಕು ಅಂಥ ದ್ವೀಪದ ಹಕ್ಕಿ, ಗಿಡಗಳನ್ನು ಹಾಳುಮಾಡಲು. ಅದೇ ದ್ವೀಪಸಮೂಹಕ್ಕೆ ಸೇರಿದ ಗಾಫ್ ದ್ವೀಪದಲ್ಲಿ, ಹಿಂದೆ ಹಡಗುಗಳಿಂದ ಇಳಿದ ಸುಂಡಿಲಿಗಳು ಆಲ್ಬಟ್ರಾಸ್ ಮರಿಗಳನ್ನು ಜೀವಂತ ತಿನ್ನುತ್ತವೆ. 2021ರಲ್ಲಿ ಅವನ್ನು ಪೂರ್ತಿ ನಿರ್ಮೂಲ ಮಾಡಲು ನಡೆಸಿದ ದೊಡ್ಡ ಪ್ರಯತ್ನ ಕೂಡ ಸೋತಿತು.

ಹಾಗಾದರೆ ಯಾರೂ ಹೋಗಲೇಬಾರದಾ? ಹಾಗೆ ನಾನು ಹೇಳುತ್ತಿಲ್ಲ, ಹೇಳಲು ನಾನ್ಯಾರು? ಪಕ್ಷಿಗಳ ಅಧ್ಯಯನಕ್ಕೋ, ಆಸಕ್ತಿಗೋ, ಸುಮ್ಮನೆ ನೋಡಲಿಕ್ಕೋ, ಅರ್ಜಿ ಹಾಕಿ. ಕಾಯಿರಿ. ಬನ್ನಿ ಎಂದರೆ ಅತಿಥಿಯ ಹಾಗೆ ಹೋಗಿ, ಬೇಡ ಎಂದರೆ ಅದೂ ಉತ್ತರವೇ ಎಂದು ಸುಮ್ಮನಾಗಿ. ನಮ್ಮ ಮನೆಗೆ ಯಾರಾದರೂ ಬರುವುದಾದರೆ ಇಷ್ಟನ್ನಾದರೂ ನಿರೀಕ್ಷಿಸುತ್ತೇವೆ ತಾನೇ? ಹೋಗಿಬಂದ ಮೇಲೆ ಬರೆಯಿರಿ, ನಾನೇ ಮೊದಲು ಓದುತ್ತೇನೆ. ಆದರೆ 'ಪ್ರಪಂಚದ ಕೊನೆಯಲ್ಲಿ ನಾನು' ಎಂದು ಬರೆಯಬೇಡಿ. ನೀವು ಊಟ ಮಾಡಿದ್ದು ಯಾರದೋ ಅಡುಗೆಮನೆಯಲ್ಲಿ.

ಎಕ್ಸೆಲ್ ಶೀಟ್ ಅಳಿಸಿದೆನಾ ಅಂತ ಕೇಳಬೇಡಿ. ಇಲ್ಲ, ಇನ್ನೂ ಇದೆ. ಒಂದು ಕಾಲಂ ಹೊಸದಾಗಿ ಸೇರಿಸಿದ್ದೇನೆ: 'ನಾನು ಅಲ್ಲಿಗೆ ಹೋದರೆ ಅವರಿಗೇನು?' ಎಷ್ಟು ಸಲ ತೆರೆದು ನೋಡಿದರೂ ಆ ಕಾಲಂ ಖಾಲಿ. ಅದು ತುಂಬುವವರೆಗೆ ಆ ಹನ್ನೆರಡು ಜಾಗದಲ್ಲಿ ಒಂದನ್ನು ನಾನು ಕೇಳುವುದಿಲ್ಲ.

ಇನ್ನು ಆಫೀಸಿನಿಂದ ಓಡಿಹೋಗುವ ವಿಷಯ... ಅದಕ್ಕೆ ರಾಜೀನಾಮೆ ಪತ್ರ ಸಾಕು, ದ್ವೀಪ ಬೇಕಿಲ್ಲ. :-)

ನೀವೇನಂತೀರಿ? ಒಪ್ಪದವರು ಖಂಡಿತ ಜಗಳಕ್ಕೆ ಬನ್ನಿ.